ಟರ್ಬೊ ಕಾರಿನ ಮುಂದಿನ ಸೀಟು

ವಿಶ್ವಾರಾಧ್ಯರ ಕಾರಿನಲ್ಲಿ ಡ್ರೈವರ್ ಪಕ್ಕದ ಸೀಟು ಖಾಲಿ ಬಿದ್ದು ಆ ಎರಡನೇ ಶನಿವಾರಕ್ಕೆ ಸರಿಯಾಗಿ ಐದು ತಿಂಗಳಾಗಿತ್ತು. ಕಾರಣ ದೊಡ್ಡದೇನಲ್ಲ, ಒಂದಿಷ್ಟು ಹೊಗೆ.

ಐದು ತಿಂಗಳ ಹಿಂದೆ ಅವರ ಹೆಂಡತಿ ಜಗದಾಂಬಾ ಅವರ ಅಣ್ಣನ ಮಗಳ ನಿಶ್ಚಿತಾರ್ಥವಿತ್ತು. ಗಂಡ ಹೆಂಡತಿ ಕಾರಿನಲ್ಲಿ ಹೊರಟಿದ್ದರು. ಹಿಂದೆಯೇ ಸ್ಕೂಟರಿನಲ್ಲಿ ಅಣ್ಣ ಗುರುಪ್ರಸಾದ್, ಮೈಮೇಲೆ ಬಿಳೀ ರೇಷ್ಮೆ ಪಂಚೆ, ಬಿಳೀ ಅಂಗಿ. ಶಿವಮೊಗ್ಗದ ರೈಲ್ವೆ ಮೇಲ್ಸೇತುವೆ ಹತ್ತುವಾಗ ವಿಶ್ವಾರಾಧ್ಯರು ಆಕ್ಸಿಲರೇಟರ್ ಒತ್ತಿದರು. ಕಾರು ‘ಸುಸ್ಸ್’ ಎಂದು ನಿಟ್ಟುಸಿರು ಬಿಟ್ಟು, ಇದ್ದಬದ್ದ ಶಕ್ತಿಯನ್ನೆಲ್ಲ ಕಳೆದುಕೊಂಡು, ಹಿಂದುಗಡೆಯಿಂದ ಒಂದು ಮೋಡದಷ್ಟು ಕರೀ ಹೊಗೆ ಉಗುಳಿತು. ಹೆಣ್ಣಿನ ತಂದೆ ನಿಶ್ಚಿತಾರ್ಥದ ಮಂಟಪಕ್ಕೆ ಇದ್ದಿಲು ಮಾರಿ ಬಂದವರ ಹಾಗೆ ಬಂದಿಳಿದರು. ಫೋಟೋಗಳಲ್ಲಿ ಇಂದಿಗೂ ಹಾಗೆಯೇ ಇದ್ದಾರೆ.

“ಈ ಗಾಡಿ ಸರಿಹೋಗೋವರೆಗೂ ನಾನು ಇದರಲ್ಲಿ ಕೂರಲ್ಲ” ಎಂದು ಜಗದಾಂಬಾ ಎಲ್ಲರೆದುರು ಹೇಳಿದರು. ಹೇಳಿದ ಮೇಲೆ ಮುಗಿಯಿತು. ಅಂದಿನಿಂದ ಅವರು ಮದುವೆ ಮುಂಜಿಗೆಲ್ಲ ಪಕ್ಕದ ಮನೆ ಪ್ರೇಮಮ್ಮನ ಸ್ಕೂಟಿಯಲ್ಲಿ ಹೋಗತೊಡಗಿದರು. ಹಿಂದೆ ಕಾರಿನಲ್ಲಿ ವಿಶ್ವಾರಾಧ್ಯರು, ಪಕ್ಕದ ಸೀಟಿನಲ್ಲಿ ಉಡುಗೊರೆಯ ಪೊಟ್ಟಣ ಮತ್ತು ಒಂದು ಛತ್ರಿ. ರವೀಂದ್ರನಗರದ ಆ ರಸ್ತೆಗೆ ಈ ಮೆರವಣಿಗೆ ಅಭ್ಯಾಸವಾಗಿ ಹೋಗಿತ್ತು.

ರಿಪೇರಿಯನ್ನು ಇಂದು ನಾಳೆ ಎಂದು ಮುಂದೂಡುತ್ತಾ ಬಂದಿದ್ದರೂ, ನಿಜ ಹೇಳಬೇಕೆಂದರೆ ವಿಶ್ವಾರಾಧ್ಯರಿಗೆ ಬಹಳ ಬೇಜಾರಾಗಿತ್ತು. ಜಗದಾಂಬಾ ಕಾರಿನಲ್ಲಿ ಕೂತರೆ ಸುಮ್ಮನೆ ಕೂರುವವರಲ್ಲ. “ಬಲಗಡೆ ಬಸ್ಸು ಬರ್ತಿದೆ ರೀ”, “ಹಾರ್ನ್ ಮಾಡ್ರಿ”, “ಹಸು ನಿಮ್ಮನ್ನ ನೋಡ್ಲಿಲ್ಲ, ನೀವಾದ್ರೂ ಅದನ್ನ ನೋಡ್ರಿ” ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಇರುತ್ತಿದ್ದರು. ವರ್ಷಗಟ್ಟಲೆ ಅದನ್ನು ಕೇಳಿ ರೇಗಿದ್ದ ಮನುಷ್ಯನಿಗೆ ಈಗ ಅದಿಲ್ಲದೆ ಕಾರು ಓಡಿಸುವುದೇ ಉಪ್ಪಿಲ್ಲದ ಸಾರಿನಂತಾಗಿತ್ತು. ಒಂದು ದಿನ ಆಫೀಸಿನಿಂದ ಬರುವಾಗ ಖಾಲಿ ಸೀಟಿನ ಕಡೆ ತಿರುಗಿ “ಹೂಂ, ಕಾಣಿಸ್ತು ಮಾರಾಯ್ತಿ” ಎಂದು ತಾವೇ ಹೇಳಿ, ಸಿಗ್ನಲ್ಲಿನಲ್ಲಿ ನಿಂತಿದ್ದ ಬೈಕಿನವನ ಮುಂದೆ ಪೆಚ್ಚಾಗಿದ್ದರು.

ಆ ಶನಿವಾರ ಅವರ ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುತ್ತಿತ್ತು. ಸಂಜೆಯೊಳಗೆ ಗುಟ್ಟಾಗಿ ಕಾರು ಸರಿ ಮಾಡಿಸಬೇಕು, ಜಗದಾಂಬಾ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಸೇತುವೆ ಹತ್ತಿ, ಸೋಗಾನೆಯ ವಿಮಾನ ನಿಲ್ದಾಣದ ಹತ್ತಿರ ಹೋಗಿ ವಿಮಾನ ಇಳಿಯುವುದನ್ನು ತೋರಿಸಬೇಕು. ಇಷ್ಟೇ ಅವರ ಯೋಜನೆ. ಗುಟ್ಟಾಗಿ ಮಾಡುವ ಕೆಲಸಕ್ಕೆ ಮುರುಗೇಶಪ್ಪನವರನ್ನು ಜೊತೆಗೆ ಕರೆದದ್ದೇ ತಪ್ಪು.

ಮುರುಗೇಶಪ್ಪನವರು ವಿಶ್ವಾರಾಧ್ಯರು ಕೆಲಸ ಮಾಡುವ ಕಾಲೇಜಿನ ಕಚೇರಿಯಲ್ಲೇ ಸ್ಟೋರ್ ಕೀಪರ್. ಸವೆದ ಪೊರಕೆಯನ್ನು ತಂದು ಕಣ್ಣೆದುರು ಇಡದೆ ಹೊಸ ಪೊರಕೆ ಕೊಟ್ಟವರಲ್ಲ. ಉರಿದುಹೋದ ಬಲ್ಬನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿಯೇ ಹೊಸ ಬಲ್ಬಿಗೆ ರುಜು ಹಾಕುತ್ತಿದ್ದರು.

“ನೋಡಿ ವಿಶ್ವಾರಾಧ್ಯರೇ” ಎಂದು ಭದ್ರಾವತಿಯ ದಾರಿಯಲ್ಲಿ ಅವರು ಶುರುಮಾಡಿದರು. “ಮೆಕ್ಯಾನಿಕ್ ಅಂದ್ರೆ ನಂಬೋ ಜಾತಿ ಅಲ್ಲ. ಹೊಸದು ಹಾಕಿದೆ ಅಂತಾರೆ, ಹಳೇದನ್ನೇ ಒರೆಸಿ ಬಿಟ್ಟಿರ್ತಾರೆ. ತೆಗೆದ ಪಾರ್ಟೆಲ್ಲ ನಿಮ್ಮ ಕೈಗೆ ಬರೋವರೆಗೂ ನೀವು ಗಾಡಿ ಹತ್ತಬೇಡಿ.”

“ಹಳೇದು ಇಟ್ಕೊಂಡು ನಾನೇನು ಮಾಡ್ಲಿ?”

“ಏನೂ ಮಾಡ್ಬೇಡಿ. ಆದ್ರೆ ಇಸ್ಕೊಳ್ಳಿ.”

ಈ ಮಾತುಗಳನ್ನು ಅವರು ಹಿಂದಿನ ಸೀಟಿನಿಂದ ಹೇಳುತ್ತಿದ್ದರು. ಮುಂದಿನ ಸೀಟಿಗೆ ವಿಶ್ವಾರಾಧ್ಯರು ಆ ಬೆಳಿಗ್ಗೆಯಷ್ಟೇ ಹೊಸ ಕವರ್ ಹಾಕಿದ್ದರು. ಅದರಲ್ಲಿ ಮೊದಲು ಕೂರಬೇಕಾದವರು ಬೇರೆ ಇದ್ದರು. “ನನ್ನನ್ನೇನು ಸಾಹೇಬ್ರು ಅನ್ಕೊಂಡ್ರಾ, ಹಿಂದೆ ಕೂರಿಸೋಕೆ?” ಎಂದು ಮುರುಗೇಶಪ್ಪ ಕೇಳಿದ್ದಕ್ಕೆ ವಿಶ್ವಾರಾಧ್ಯರು ಕಿವಿ ಕೆಂಪಗೆ ಮಾಡಿಕೊಂಡು ಗೇರು ಬದಲಿಸಿದರು.

ಭದ್ರಾವತಿಯ ಶೇಷಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಫಿಟ್ಟರ್ ಆಗಿದ್ದವರು. ಈಗ ಮನೆಯ ಮುಂದೆಯೇ ತಗಡಿನ ಶೆಡ್ ಹಾಕಿಕೊಂಡು, ಹಳೆಯ ಡೀಸೆಲ್ ಗಾಡಿಗಳನ್ನು ಮಾತ್ರ ನೋಡುತ್ತಿದ್ದರು. ಕೆಲಸ ಬೆಳಿಗ್ಗೆ ಎಂಟಕ್ಕೆ ಶುರು, ಮಧ್ಯಾಹ್ನ ಎರಡಕ್ಕೆ ಬಂದ್. ಅವರ ಪಾಲಿಗೆ ಅದು ಇನ್ನೂ ಫಸ್ಟ್ ಶಿಫ್ಟ್.

ಅವರು ಬಾನೆಟ್ ಎತ್ತಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿದರು. ವಿಶ್ವಾರಾಧ್ಯರು ತಮ್ಮದೇ ಎದೆ ಪರೀಕ್ಷೆಯಾಗುತ್ತಿದ್ದಂತೆ ಉಸಿರು ಬಿಗಿಹಿಡಿದು ನಿಂತರು.

“ಎಂಜಿನ್ ಬಂಗಾರ ಸಾರ್” ಎಂದರು ಶೇಷಪ್ಪ. “ಗಾಳಿ ತುಂಬೋ ಟರ್ಬೊನೂ ಚೆನ್ನಾಗೇ ತಿರುಗ್ತಿದೆ. ಆದ್ರೆ ಮೂಗು ಕಟ್ಟಿದೆ, ಏರ್ ಫಿಲ್ಟರ್ ನೋಡಿ, ಒಳ್ಳೇ ಕಾಲೊರೆಸೋ ಚಾಪೆ ಆಗಿದೆ. ಟರ್ಬೊದಿಂದ ಗಾಳಿ ಹೋಗೋ ಈ ರಬ್ಬರ್ ಪೈಪು ಬಾಗಿದ ಕಡೆ ಒಳಮಗ್ಗುಲಲ್ಲಿ ಸೀಳಿದೆ, ಮೇಲಿಂದ ನೋಡಿದ್ರೆ ಕಾಣಲ್ಲ. ಕಾಲು ಒತ್ತಿದ ತಕ್ಷಣ ಗಾಳಿಯೆಲ್ಲ ಸುಸ್ಸ್ ಅಂತ ಹೊರಗೆ. ಗಾಳಿ ಇಲ್ದೆ ಡೀಸೆಲ್ ಉರಿದ್ರೆ ಹೊಗೆ ಬರ್ದೆ ಇನ್ನೇನು ಬರುತ್ತೆ? ಡೀಸೆಲ್ ಫಿಲ್ಟರ್, ಆಯಿಲ್ ಫಿಲ್ಟರ್ ಎರಡೂ ಮುಗಿದಿವೆ. ಎಂಜಿನ್ ಕೂರೋ ಮೌಂಟಿಂಗ್ ರಬ್ಬರು ಕಲ್ಲಾಗಿದೆ. ಐದು ಐಟಂ, ಹೊಸದೆಲ್ಲ ನನ್ನ ಹತ್ರಾನೇ ಇದೆ. ಮಧ್ಯಾಹ್ನ ಎರಡರೊಳಗೆ ಮುಗಿಸ್ತೀನಿ.”

“ಹಳೇ ಪಾರ್ಟೆಲ್ಲ ವಾಪಸ್ ಕೊಡ್ಬೇಕು” ಎಂದರು ಮುರುಗೇಶಪ್ಪ. “ಒಂದೂ ಬಿಡದಂಗೆ.”

ಶೇಷಪ್ಪ ಸ್ಪ್ಯಾನರನ್ನು ಮೆಲ್ಲಗೆ ಕೆಳಗಿಟ್ಟರು. ಕೈ ಒರೆಸಿಕೊಂಡರು. ಬಾನೆಟ್ ಮುಚ್ಚಿದರು.

“ಮೂವತ್ತೊಂದು ವರ್ಷ ಆ ಗೇಟಲ್ಲಿ ದಿನಾ ನನ್ನ ಜೇಬು ತಡವಿದಾರೆ ಸಾರ್. ಒಂದು ನಟ್ಟು ಸಿಕ್ಕಿಲ್ಲ. ಈಗ ನನ್ನ ಮನೆ ಬಾಗಿಲಿಗೆ ಬಂದು ನೀವು ಜೇಬು ತಡವ್ತೀರಾ? ಗಾಡಿ ತಗೊಂಡು ಹೋಗಿ.”

“ರೂಲ್ಸ್ ಅಂದ್ರೆ ರೂಲ್ಸು...” ಎಂದು ಮುರುಗೇಶಪ್ಪ ಬಾಯಿ ತೆರೆದರು. ವಿಶ್ವಾರಾಧ್ಯರು ಅವರನ್ನು ರಟ್ಟೆ ಹಿಡಿದು ಹತ್ತಿರದ ಟೀ ಅಂಗಡಿಯ ಕಡೆ ಕಳಿಸಿ, ಶೇಷಪ್ಪನವರ ಹಿಂದೆಯೇ ಮನೆಯ ಮೆಟ್ಟಿಲವರೆಗೆ ಹೋದರು. ಹತ್ತೂವರೆಯಾಗಿತ್ತು. ಸಂಜೆ ಕೈತಪ್ಪಿ ಹೋಗುತ್ತಿತ್ತು. ಹೇಳಲು ಬೇರೇನೂ ತೋಚದೆ ಅವರು ನಿಜವನ್ನೇ ಹೇಳಿದರು.

“ಶೇಷಪ್ಪೋರೇ, ನನ್ನ ಹೆಂಡ್ತಿ ಐದು ತಿಂಗಳಿಂದ ನನ್ನ ಪಕ್ಕ ಕೂತಿಲ್ಲ. ಇವತ್ತು ನಮ್ಮ ಮದುವೆಯಾಗಿ ಇಪ್ಪತ್ತೈದು ವರ್ಷ.”

ಶೇಷಪ್ಪ ಮೆಟ್ಟಿಲ ಮೇಲೆ ನಿಂತರು. ಒಳಗೆ ಅವರ ಹೆಂಡತಿ ಯಲ್ಲಮ್ಮ ಯಾರನ್ನೋ ಗದರುತ್ತಿದ್ದ ದನಿ ಕೇಳುತ್ತಿತ್ತು. ಅದನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡು ಅವರು ಇಳಿದು ಬಂದರು.

“ಮೊದ್ಲೇ ಹೇಳ್ಬಾರ್ದಾ ಸಾರ್” ಎಂದು ಬಾನೆಟ್ ಎತ್ತಿದರು. “ಹಳೇದೂ ಕೊಡ್ತೀನಿ. ಆದ್ರೆ ನನ್ನ ಶೆಡ್ಡಿಂದ ಕೊಳಕು ಸಾಮಾನು ಹೊರಗೆ ಹೋಗಿ ಅಭ್ಯಾಸ ಇಲ್ಲ.”

ಕೆಲಸವನ್ನು ನೋಡುವುದೇ ಒಂದು ಸುಖವಾಗಿತ್ತು. ಒಂದೂಕಾಲಿಗೆಲ್ಲ ಐದೂ ಹೊಸ ಭಾಗಗಳು ಎಂಜಿನ್ನಿಗೆ ಸೇರಿದ್ದವು. ಆಮೇಲೆ ಶೇಷಪ್ಪ ಹಳೆಯವುಗಳ ಕಡೆ ತಿರುಗಿದರು. ಸೀಳಿದ ಪೈಪನ್ನು ಡೀಸೆಲಿನಲ್ಲಿ ತೊಳೆದು, ಸೋಪು ಹಾಕಿ ಉಜ್ಜಿ, ಮದುವಣಗಿತ್ತಿಯ ಜಡೆಯ ಹಾಗೆ ಮಿರುಗಿಸಿದರು. ಏರ್ ಫಿಲ್ಟರಿಗೆ ಗಾಳಿ ಹೊಡೆದು ಮಣ್ಣೆಲ್ಲ ಉದುರಿಸಿ, ಅದನ್ನು ಒಂದೇ ಸಮನಾದ ಬೂದು ಬಣ್ಣಕ್ಕೆ ತಂದರು. ಪ್ರತಿಯೊಂದನ್ನೂ ಅದರದರ ಹೊಸ ಭಾಗ ಬಂದಿದ್ದ ಬಾಕ್ಸಿನಲ್ಲೇ ಇಟ್ಟು, ಮೇಲೆ ಟೇಪು ಅಂಟಿಸಿದರು. ಅವರು ಸಿಟ್ಟಿನಿಂದ ಶುರುಮಾಡಿದ ಕೆಲಸ ಮುಗಿಯುವ ಹೊತ್ತಿಗೆ ಪ್ರೀತಿಯ ಕೆಲಸವಾಗಿತ್ತು.

“ತಗೊಳ್ಳಿ, ಎಣಿಸ್ಕೊಳ್ಳಿ” ಎಂದರು. ಮುರುಗೇಶಪ್ಪ ನಿಜವಾಗಿಯೂ ಎಣಿಸಿಕೊಂಡರು. ಐದು ಬಾಕ್ಸ್ ಡಿಕ್ಕಿಗೆ ಹೋದವು.

ವಾಪಸ್ ಬರುವಾಗ ಕಾರು ಕಾರಾಗಿರಲಿಲ್ಲ. ಕಾಲು ತಾಗಿಸಿದರೆ ಸಾಕು, ಟರ್ಬೊ ಸಣ್ಣಗೆ ಸಿಳ್ಳೆ ಹಾಕಿ ಮುಂದಕ್ಕೆ ಚಿಮ್ಮುತ್ತಿತ್ತು. ಹಿಂದೆ ಹೊಗೆಯಿಲ್ಲ, ಒಳಗೆ ನಡುಕವಿಲ್ಲ. ಎರಡು ಬಸ್ಸು, ಒಂದು ಅಡಿಕೆ ಮೂಟೆಯ ಲಾರಿ, ಒಂದು ಹೊಸ ಕಾರು ಹಿಂದೆ ಬಿದ್ದವು. “ನಿಧಾನ ಮಾರಾಯ್ರೇ, ನನಗಿನ್ನೂ ನಾಲ್ಕು ವರ್ಷ ಸರ್ವೀಸಿದೆ!” ಎಂದು ಮುರುಗೇಶಪ್ಪ ಹಿಂದಿನಿಂದ ಕೂಗಿದರು. ವಿಶ್ವಾರಾಧ್ಯರು ನಗುತ್ತಿದ್ದರು. ಐವತ್ತೆರಡನೇ ವಯಸ್ಸಿನಲ್ಲಿ ಹೊಸದಾಗಿ ಹೆಣ್ಣು ನೋಡಲು ಹೊರಟವರ ಹಾಗೆ ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಂಡರು.

ಮುರುಗೇಶಪ್ಪನವರನ್ನು ಅವರ ಮನೆಯ ಬಳಿ ಇಳಿಸಿ, ಮೂರು ಗಂಟೆಗೆ ಏನೂ ಗೊತ್ತಿಲ್ಲದವರ ಮುಖ ಮಾಡಿಕೊಂಡು ಮನೆ ಸೇರಿದರು.

“ಎಲ್ಲಿ ಹೋಗಿದ್ರಿ? ಇವತ್ತಾದ್ರೂ ಮನೇಲಿರ್ಬಾರ್ದಾ?”

“ಆಫೀಸ್ ಕೆಲಸ. ಮುರುಗೇಶಪ್ಪ ಇದ್ರಲ್ಲ ಜೊತೆಗೆ.”

ಜಗದಾಂಬಾ ಹೋಳಿಗೆ ಮಾಡಿದ್ದರು. ಮೂರನೇ ಹೋಳಿಗೆಗೆ ತುಪ್ಪ ಬೀಳುವಾಗ ವಿಶ್ವಾರಾಧ್ಯರು ಧೈರ್ಯ ಮಾಡಿದರು. “ಸಂಜೆ ಸೋಗಾನೆಗೆ ಹೋಗಿ ವಿಮಾನ ನೋಡ್ಕೊಂಡು ಬರೋಣ್ವಾ? ಕಾರಲ್ಲಿ?”

ಜಗದಾಂಬಾ ಗಂಡನ ಮುಖವನ್ನೇ ನೋಡಿದರು. ಐದು ತಿಂಗಳಿಂದ ಈ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಾಯಲ್ಲಿ ಸಿದ್ಧವಾಗಿರುತ್ತಿತ್ತು. ಈ ಸಲ “ನೋಡೋಣ” ಎಂದರು. ಅಷ್ಟು ಸಾಕಾಗಿತ್ತು. ವಿಶ್ವಾರಾಧ್ಯರು ಕಾರಿನ ಕೀಯನ್ನು ಮೊಳೆಗೆ ತೂಗುಹಾಕಿ, ಫ್ಯಾನನ್ನು ಐದಕ್ಕೆ ತಿರುಗಿಸಿ, ಹೋಳಿಗೆಯ ಭಾರಕ್ಕೆ ಕಲ್ಲಿನಂತೆ ನಿದ್ದೆ ಹೋದರು.

ಎದ್ದಾಗ ಐದೂವರೆ. ಜಗದಾಂಬಾ ಹಸಿರು ರೇಷ್ಮೆ ಸೀರೆಯುಟ್ಟು, ಮಲ್ಲಿಗೆ ಮುಡಿದು, ಬಾಗಿಲಲ್ಲಿ ಕಾಯುತ್ತಿದ್ದರು. ಬಾನೆಟ್ಟಿನ ಮೇಲೆ ಅರಿಶಿನ ಕುಂಕುಮ, ಒಂದು ಮೊಳ ಹೂವು. ವಿಶ್ವಾರಾಧ್ಯರು ಏನನ್ನೂ ಕೇಳುವ ಮೊದಲೇ ಜಗದಾಂಬಾ ಬಾಗಿಲು ತೆರೆದು, ಮುಂದಿನ ಸೀಟಿನಲ್ಲಿ ಕೂತು, ಸೆರಗು ಸರಿಮಾಡಿಕೊಂಡರು. ವಿಶ್ವಾರಾಧ್ಯರು ಓಡಿಬಂದು ಡ್ರೈವರ್ ಸೀಟು ಹತ್ತಿದರು.

ಕಾಂಪೌಂಡಿನಾಚೆ ಪ್ರೇಮಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದರು. “ಹೋಗ್ಬನ್ನಿ ಅಣ್ಣ. ಗಾಡಿ ಈಗ ಓಡೋದು ನೋಡಿ ಹೇಗಿರುತ್ತೆ!”

ಗುಟ್ಟು ಇವರಿಗೆ ಹೇಗೆ ತಿಳಿಯಿತು ಎಂದು ವಿಶ್ವಾರಾಧ್ಯರಿಗೆ ಅಚ್ಚರಿಯಾಯಿತು. ಮುರುಗೇಶಪ್ಪನೇ ಎಲ್ಲೋ ಬಾಯಿಬಿಟ್ಟಿರಬೇಕು ಎಂದುಕೊಂಡರು.

ಸಮತಟ್ಟಾದ ರಸ್ತೆಯಲ್ಲಿ ಅವರು ಬೇಕೆಂದೇ ನಿಧಾನವಾಗಿ ಹೋದರು. ಮೇಲ್ಸೇತುವೆಯ ಬುಡಕ್ಕೆ ಬಂದಾಗ ಗಂಟಲು ಸರಿಮಾಡಿಕೊಂಡು, “ಈಗ ನೋಡು ಜಗದಾ” ಎಂದು ಆಕ್ಸಿಲರೇಟರ್ ಒತ್ತಿದರು.

ಸುಸ್ಸ್.

ಕಾರು ಸೇತುವೆಯ ಕಾಲುಭಾಗಕ್ಕೆ ಬರುವಷ್ಟರಲ್ಲಿ ಬಸವಳಿಯಿತು. ಮೂರನೇ ಗೇರು, ಎರಡನೇ ಗೇರು. ಕನ್ನಡಿಯಲ್ಲಿ ನೋಡಿದರೆ ಹಿಂದಿನ ರಸ್ತೆಯೇ ಇಲ್ಲ, ಬರೀ ಕರೀ ಮೋಡ. ಅದರೊಳಗಿಂದ ಕೆಮ್ಮುತ್ತಾ ಒಂದು ಆಟೋ ಹೊರಬಂತು. ಮೂರು ಗಂಟೆಗೆ ಕುದುರೆಯ ಹಾಗಿದ್ದ ಗಾಡಿ! ಶೇಷಪ್ಪನವರ ಮೇಲೆ ವಿಶ್ವಾರಾಧ್ಯರಿಗೆ ಮೈಯೆಲ್ಲ ಉರಿಯಿತು. ಇನ್ನೇನು ಜಗದಾಂಬಾ ಬಾಗಿಲು ತೆರೆದು ಇಳಿದೇಬಿಡುತ್ತಾರೆ ಎಂದು ಪಕ್ಕಕ್ಕೆ ನೋಡಿದರೆ, ಅವರು ನಗುತ್ತಿದ್ದರು.

“ಏನೋ ಬದಲಾಗಿದೆ ಅನ್ನಿಸ್ತಿದೆಯಲ್ವಾ?”

“ಹೂಂ” ಎಂದರು ವಿಶ್ವಾರಾಧ್ಯರು ಕ್ಷೀಣವಾಗಿ.

“ನಾನೇ ರೀ! ನಾನೇ ಮಾಡಿದ್ದು!”

ಮನೆಯಲ್ಲಿ ಮಿಕ್ಸಿ, ನಲ್ಲಿ, ಹೊಲಿಗೆ ಮೆಷಿನ್ನು ಯಾವುದು ಕೆಟ್ಟರೂ ಬಿಚ್ಚಿ ಸರಿಮಾಡುವವರು ಜಗದಾಂಬಾ ಅವರೇ. ವಿಶ್ವಾರಾಧ್ಯರು ಬಲ್ಬ್ ಬದಲಿಸಿದರೂ ಫ್ಯೂಸ್ ಹೋಗುತ್ತಿತ್ತು. ಇದು ನೆನಪಾಗಿ ಅವರು ಮೆಲ್ಲಗೆ ಬಾನೆಟ್ಟಿನ ಕಡೆ ನೋಡಿದರು.

“ನೀವು ಮಲಗಿದ್ರಲ್ಲ, ಆಗ ಪೂಜೆ ಸಾಮಾನು ಇಡೋಣ ಅಂತ ಡಿಕ್ಕಿ ತೆಗೆದೆ. ಐದು ಹೊಸ ಬಾಕ್ಸು, ಇನ್ನೂ ಟೇಪೂ ಬಿಚ್ಚಿಲ್ಲ. ನನ್ನನ್ನ ಕೂರಿಸ್ಬೇಕು ಅಂತ ಯಾವಾಗ್ಲೋ ತಂದಿಟ್ಟು, ಹಾಕಿಸೋಕೆ ಪುರುಸೊತ್ತಾಗ್ದೆ ಒದ್ದಾಡ್ತಿದ್ದೀರಿ, ನಾನು ಏನೂ ತಿಳೀದೆ ಸ್ಕೂಟಿ ಹತ್ಕೊಂಡು ಮೆರೀತಿದ್ದೀನಿ. ಕಣ್ಣಲ್ಲಿ ನೀರು ಬಂತು ಕಣ್ರೀ. ಇವತ್ತೊಂದು ದಿನ ನಾನೇ ಹಾಕಿ ಇವರಿಗೆ ಖುಷಿ ಕೊಡೋಣ ಅನ್ಕೊಂಡೆ. ಪ್ರೇಮಮ್ಮ ಫೋನಲ್ಲಿ ವಿಡಿಯೋ ಹಾಕಿದ್ರು. ಆ ಪುಣ್ಯಾತ್ಮ ಹಿಂದೀಲಿ ಹೇಳ್ತಿದ್ದ, ನಾನು ಅವನ ಕೈ ನೋಡ್ಕೊಂಡೇ ಮಾಡಿದೆ. ಏರ್ ಫಿಲ್ಟರು, ಆಮೇಲೆ ಆ ಡೊಂಕು ಪೈಪು.”

“ಒಳಗಿದ್ದ ಫಿಲ್ಟರು... ಹೇಗಿತ್ತು?”

“ಅಯ್ಯೋ, ಬೆಳ್ಳಗೆ ಹಾಗೇ ಇತ್ತು! ಒಂದು ಚೂರು ಧೂಳು ಹಿಡಿದಿಲ್ಲ. ಪ್ರೇಮಮ್ಮನೇ ಕಂಡುಹಿಡಿದ್ರು. ಫಿಲ್ಟರ್ ಕೆಲಸಾನೇ ಮಾಡಿಲ್ಲ, ಅದಕ್ಕೇ ಧೂಳೆಲ್ಲ ಎಂಜಿನ್ನಿಗೆ ಹೋಗಿ ಹೊಗೆ ಬರ್ತಿದೆ ಅಂದ್ರು. ಹೊಸದು ನೋಡಿ, ಬೂದು ಬಣ್ಣದ್ದು. ಧೂಳು ಹಿಡಿಯೋಕೇ ಮಾಡಿರೋದು.”

“ತೆಗೆದಿದ್ದು ಎಲ್ಲಿದೆ?” ಕೊನೆಯ ಆಸೆಯಿಂದ ವಿಶ್ವಾರಾಧ್ಯರು ಕೇಳಿದರು.

“ಗುಜರಿಯವನು ಬಂದಿದ್ದ, ಹಾಕ್ಬಿಟ್ಟೆ. ಒಂದು ಬೊಗಸೆ ಬೆಳ್ಳುಳ್ಳಿ ಕೊಟ್ಟ.”

ವಿಶ್ವಾರಾಧ್ಯರ ನಾಲಿಗೆಯ ತುದಿಗೆ ಎಲ್ಲವೂ ಬಂದಿತ್ತು. ಭದ್ರಾವತಿ, ಶೇಷಪ್ಪ, ಮುರುಗೇಶಪ್ಪ, ಬೆಳ್ಳಗಿದ್ದದ್ದೇ ಹೊಸದು, ಬಾಕ್ಸಿನಲ್ಲಿದ್ದದ್ದೇ ಹಳೆಯದು. ಬಾಯಿ ತೆರೆದೂ ಬಿಟ್ಟರು. ಆಗ ಜಗದಾಂಬಾ ಕೈಯನ್ನು ಮುಂದೆ ಚಾಚಿದರು. ಬಲಗೈಯ ತೋರುಬೆರಳ ಗೆಣ್ಣಿನ ಚರ್ಮ ಕಿತ್ತು, ಮೇಲೆ ಅರಿಶಿನ ಮೆತ್ತಿತ್ತು. ಉಗುರಿನ ಸಂದಿಯಲ್ಲಿ ಗ್ರೀಸು ಇನ್ನೂ ಕಪ್ಪಗೆ ಉಳಿದಿತ್ತು. “ಆ ಪೈಪಿನ ಕ್ಲ್ಯಾಂಪು ಅದೆಷ್ಟು ಬಿಗಿಯಾಗಿತ್ತು ಗೊತ್ತಾ?” ಎಂದರು, ಶಾಲೆಯಲ್ಲಿ ಬಹುಮಾನ ತಂದ ಹುಡುಗಿಯ ಹಾಗೆ.

ಆ ಬೆರಳನ್ನು ನೋಡಿದ ಮೇಲೆ ನಿಜ ಹೇಳುವುದು ವಿಶ್ವಾರಾಧ್ಯರಿಂದ ಆಗಲಿಲ್ಲ. ಇಪ್ಪತ್ತೈದು ವರ್ಷದಲ್ಲಿ ಅವರಿಗೆ ಹೆಂಡತಿಯ ಮೇಲೆ ಇಷ್ಟು ಪ್ರೀತಿ ಉಕ್ಕಿದ್ದು ಯಾವಾಗ ಎಂದು ಅವರಿಗೇ ನೆನಪಿಲ್ಲ.

“ಎಂಥಾ ಪಿಕಪ್ ಮಾರಾಯ್ತಿ!” ಎಂದರು ಅವರು, ಮೊದಲನೇ ಗೇರಿಗೆ ಇಳಿಸುತ್ತಾ.

ಪಕ್ಕಕ್ಕೆ ಬಂದ ಆಟೋದವನು ಮೂಗು ಮುಚ್ಚಿಕೊಂಡೇ, “ಏನ್ ಸಾರ್, ಎಂಜಿನ್ ಹೋಯ್ತಾ? ತಳ್ಬೇಕಾ?” ಎಂದು ಕೂಗಿದ.

ಜಗದಾಂಬಾ ಕಿಟಕಿಯಿಂದ ತಲೆ ಹೊರಹಾಕಿದರು. “ಹೊಸ ಪಾರ್ಟ್ ಹಾಕಿದೀವಪ್ಪಾ, ಸೆಟ್ ಆಗೋವರೆಗೂ ಒಂಚೂರು ಹಂಗೇ. ನೀನು ನಡಿ!” ಐದು ತಿಂಗಳು ಈ ಕಾರಿನ ಹೆಸರೆತ್ತಿದರೆ ಮುಖ ತಿರುಗಿಸುತ್ತಿದ್ದವರು ಈಗ ಅದರ ಪರವಾಗಿ ಊರಿನ ಆಟೋಗಳ ಜೊತೆ ಜಗಳಕ್ಕೆ ನಿಂತಿದ್ದರು. ಕಾರು ತೆವಳುತ್ತಾ ತೆವಳುತ್ತಾ ಹೇಗೋ ಸೇತುವೆ ದಾಟಿತು.

ಸೋಗಾನೆ ಮುಟ್ಟುವಷ್ಟರಲ್ಲಿ ವಿಮಾನ ಇಳಿದು, ಮತ್ತೆ ಹಾರಿ, ಆಕಾಶದಲ್ಲಿ ಚುಕ್ಕಿಯಾಗಿತ್ತು. ಇಬ್ಬರೂ ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ, ಒಳಗೇ ಕೂತು, ಸುಟ್ಟ ಮೆಕ್ಕೆಜೋಳ ತಿಂದರು. ಜಗದಾಂಬಾ ಸೀಟನ್ನು ಹಿಂದಕ್ಕೆ ಸರಿಸಿ, ಕಾಲು ಚಾಚಿ, ಹೊಸ ಕವರಿನ ಮೇಲೆ ಕೈಯಾಡಿಸಿದರು. ಸೋಮವಾರ ರಜೆ ಹಾಕಿ ಭದ್ರಾವತಿಗೆ ಓಡುವುದು, ಶೇಷಪ್ಪನವರ ಕಾಲು ಹಿಡಿದು ಇನ್ನೊಂದು ಪೈಪು, ಇನ್ನೊಂದು ಫಿಲ್ಟರು ಹಾಕಿಸುವುದು ಎಂದು ವಿಶ್ವಾರಾಧ್ಯರು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದರು.

“ಇನ್ಮೇಲೆ ಈ ಗಾಡೀನ ಯಾವ ಮೆಕ್ಯಾನಿಕ್ ಹತ್ರಾನೂ ಬಿಡ್ಬೇಡಿ” ಎಂದರು ಜಗದಾಂಬಾ. “ನಾನಿದ್ದೀನಲ್ಲ. ಪ್ರೇಮಮ್ಮನ ಕೈಲಿ ಆಗ್ಲೇ ಒಂದು ಸ್ಪ್ಯಾನರ್ ಸೆಟ್ಟು ತರಿಸೋಕೆ ಹೇಳಿದೀನಿ.”

“ಪಾಪ, ನಿನಗ್ಯಾಕೆ ಕಷ್ಟ...”

“ಕಷ್ಟ ಎಂಥದು ರೀ, ಇಷ್ಟಪಟ್ಟು ಮಾಡ್ತೀನಿ. ಹೇಗಿದ್ರೂ ಡಿಕ್ಕೀಲಿ ಇನ್ನೂ ಮೂರು ಬಾಕ್ಸು ಹಾಗೇ ಇದೆಯಲ್ಲ.” ಅವರು ಮೆಕ್ಕೆಜೋಳದ ಕೊನೆಯ ಸಾಲು ಬಿಡಿಸಿ, ಅರ್ಧ ಕಾಳನ್ನು ಗಂಡನ ಅಂಗೈಗೆ ಹಾಕಿದರು. “ಆತುರ ಬೇಡ, ವಾರಕ್ಕೊಂದರ ಹಾಗೆ ಮೂರನ್ನೂ ಹಾಕೋಣ. ನಾಳೆ ಭಾನುವಾರ. ಡೀಸೆಲ್ ಫಿಲ್ಟರಿಂದ ಶುರು ಮಾಡ್ಲಾ?”

ವಿಶ್ವಾರಾಧ್ಯರು ಅಂಗೈಯ ಕಾಳುಗಳನ್ನು ನೋಡಿದರು, ಅರಿಶಿನ ಮೆತ್ತಿದ ಬೆರಳನ್ನು ನೋಡಿದರು, ತುಂಬಿದ ಸೀಟನ್ನು ನೋಡಿದರು.

“ಮಾಡು” ಎಂದರು. “ನಾನು ಟಾರ್ಚ್ ಹಿಡ್ಕೊಳ್ತೀನಿ.”